ಒಂದು ಕಾಡತೂಸಿನ ಬಲವೆಷ್ಟು?



ಇವತ್ತಿನ ಮಾತನ್ನು ಒಂದು ಪದದಿಂದ ಆರಂಭಿಸೋಣ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ನಮ್ಮವರು ‘ಕಾಡತೂಸು’ ಎನ್ನುತ್ತಾರೆ. ನೆರೆಮನೆಯ ಮರಾಠಿಯವರಿಗೂ ಅದು ಕಾಡತೂಸವೇ. ಕಾಸರಗೋಡಿನ ತೋಟಗಳಲ್ಲಿ ಅದು ‘ತೋಟೆ’. ತಾಳವಾಡಿ, ಹೊಸೂರಿನವರು ತಮಿಳಿನಲ್ಲಿ ‘ತೋಟ್ಟಾ’ ಎಂದು ಕೇಳಿರುತ್ತೀರಿ. ರಾಯದುರ್ಗ, ಮಡಕಶಿರಾದವರು ತೆಲುಗಿನಲ್ಲಿ ‘ತೂಟಾ’ ಎಂದು. ಕಾಡತೂಸು ಪೋರ್ಚುಗೀಸರ ಹಡಗಿನಲ್ಲಿ ಬಂದಿಳಿದ ಪದ. ಹೆಸರು ಏನೇ ಇರಲಿ, ವಸ್ತು ಒಂದೇ. ಒಂದು ಹಿತ್ತಾಳೆಯ ಪುಟ್ಟ ಕೊಳವೆ. ಅದರ ತಳದಲ್ಲಿ ಕೇಪು, ಹೊಟ್ಟೆಯಲ್ಲಿ ಮದ್ದು, ಬಾಯಲ್ಲಿ ಗುಂಡು.

ಹಂದಿಯಿಂದ, ಮಂಗಗಳಿಂದ ಬೆಳೆ ಉಳಿಸಿಕೊಳ್ಳಲು ಲೈಸೆನ್ಸಿನ ಕೋವಿ ಇಟ್ಟುಕೊಂಡವರು ನಿಮ್ಮಲ್ಲಿ ಕೆಲವರಿದ್ದೀರಿ. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಚೀಟಿ ತರುವ ಕೆಲಸವೂ ನಿಮಗೆ ಗೊತ್ತು. ನಾನು ಹೇಳಹೊರಟಿರುವುದು ಆ ಉದ್ದನೆಯ ಕೋವಿಯ ತೋಟೆಯ ಕಥೆಯಲ್ಲ. ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ ಪಿಸ್ತೂಲಿನ ಕಾಡತೂಸಿನದು. ಯಾವ ಅಳತೆಯದು ಹೆಚ್ಚು ಬಲದ್ದು ಎಂದು ದೊಡ್ಡ ದೊಡ್ಡ ದೇಶಗಳ ಸೇನೆ, ಪೊಲೀಸರು ನೂರಕ್ಕೂ ಹೆಚ್ಚು ವರ್ಷ ಜಗಳವಾಡಿದ್ದಾರೆ. ದನಗಳನ್ನು ಕೊಂದು ನೋಡಿದ್ದಾರೆ, ಹೆಣಗಳಿಗೆ ಗುಂಡು ಹೊಡೆದು ನೋಡಿದ್ದಾರೆ. ಯಾರೋ ಒಬ್ಬ ಸತ್ತಾಗಲೆಲ್ಲ ತಪ್ಪನ್ನು ಕಾಡತೂಸಿನ ತಲೆಗೆ ಕಟ್ಟಿದ್ದಾರೆ. ಆ ಜಗಳ ಎಲ್ಲೆಲ್ಲಿಗೆ ಹೋಗಿ ಕೊನೆಗೆ ಎಲ್ಲಿಗೆ ಬಂತು ಎಂಬುದು ಕೇಳಲು ತಕ್ಕದ್ದು.

ಮೊದಲು ಪಿಸ್ತೂಲಿನ ಕೆಲಸ ಸ್ವಲ್ಪ ತಿಳಿಯಬೇಕು. ಹಳೆಯ ರಿವಾಲ್ವರಿನಲ್ಲಿ ಆರು ಗೂಡಿನ ಒಂದು ಉರುಳೆ. ಕುದುರೆ ಎಳೆದಾಗ ಬೆರಳಿನ ಬಲದಿಂದಲೇ ಉರುಳೆ ತಿರುಗುತ್ತದೆ. ಆದರೆ ಅರೆ-ಸ್ವಯಂಚಾಲಿತ ಪಿಸ್ತೂಲಿನಲ್ಲಿ ಆ ದುಡಿಮೆಯನ್ನೂ ಕಾಡತೂಸೇ ಮಾಡಬೇಕು. ಗುಂಡು ಮುಂದಕ್ಕೆ ಹಾರಿದಾಗ ಒದೆತ ಹಿಂದಕ್ಕೆ ಬರುತ್ತದಲ್ಲ, ಅದೇ ಒದೆತದಿಂದ ಪಿಸ್ತೂಲಿನ ಮೇಲಿನ ಉಕ್ಕಿನ ಕವಚ ಹಿಂದಕ್ಕೆ ಸರಿದು, ಖಾಲಿ ಕೊಳವೆಯನ್ನು ಹೊರಗೆಸೆದು, ಹಿಡಿಯೊಳಗಿನ ಮ್ಯಾಗಜಿನ್‌ನಿಂದ ಹೊಸದೊಂದನ್ನು ಮೇಲೆತ್ತಿಕೊಳ್ಳುತ್ತದೆ. ಮತ್ತೆ ಕುದುರೆ ಎಳೆದರೆ ಮತ್ತೊಂದು ಗುಂಡು. ಹಾಗಾಗಿ ಇದರ ಕಾಡತೂಸು ತೀರ ದುರ್ಬಲವಾದರೆ ಯಂತ್ರ ನಡೆಯದು. ತೀರ ಬಿರುಸಾದರೆ ಕೈ ತಡೆಯದು.

ಇನ್ನು 1898ಕ್ಕೆ ಹೋಗೋಣ. ಆ ವರ್ಷ ಅಮೆರಿಕ ಸ್ಪೇನ್ ದೇಶವನ್ನು ಸೋಲಿಸಿ, 2 ಕೋಟಿ ಡಾಲರ್ ಕೊಟ್ಟು ಫಿಲಿಪ್ಪೀನ್ಸ್ ದ್ವೀಪಗಳನ್ನು ತನ್ನದಾಗಿಸಿಕೊಂಡಿತು. ಅಲ್ಲಿಯ ಜನರನ್ನು ಯಾರೂ ಕೇಳಲಿಲ್ಲ. ಅವರು ಎದ್ದು ನಿಂತರು. 1899ರಿಂದ ಯುದ್ಧ, ದಕ್ಷಿಣದ ದ್ವೀಪಗಳ ಮೋರೋ ಜನರೊಂದಿಗೆ ಹೋರಾಟ 1913ರವರೆಗೂ ನಡೆಯಿತು. ಅವರ ಕೈಯಲ್ಲಿ ಕತ್ತಿ. ಅಮೆರಿಕದ ಅಧಿಕಾರಿಯ ಕೈಯಲ್ಲಿ ಪಾಯಿಂಟ್ 38 ಅಳತೆಯ ರಿವಾಲ್ವರು. ಅಳತೆ ಎಂದರೆ ಗುಂಡಿನ ಅಗಲ, ಅಂಗುಲದ ನೂರನೆಯ ಪಾಲಿನ ಲೆಕ್ಕದಲ್ಲಿ. ಆ ಗುಂಡು ಸುಮಾರು 10 ಗ್ರಾಂ ತೂಕದ್ದು, ಸೆಕೆಂಡಿಗೆ 230 ಮೀಟರ್ ಓಡುವಂಥದ್ದು. ಗುಂಡು ತಗುಲಿದರೂ ಎದುರಾಳಿ ನಿಲ್ಲದೆ ನುಗ್ಗಿ ಬಂದು ಕತ್ತಿ ಬೀಸಿದ ಎಂಬ ದೂರುಗಳು ಒಂದರ ಮೇಲೊಂದು ಬಂದವು. ಉಗ್ರಾಣದಲ್ಲಿ ಬಿದ್ದಿದ್ದ ಹಳೆಯ ಪಾಯಿಂಟ್ 45 ರಿವಾಲ್ವರುಗಳನ್ನು ಮತ್ತೆ ಹೊರಗೆ ತೆಗೆದು ದ್ವೀಪಗಳಿಗೆ ಕಳುಹಿಸಿದರು.

ಇಂಥ ಒಂದು ಪ್ರಸಂಗವನ್ನು ಸೇನೆಯ ಶಸ್ತ್ರವೈದ್ಯ ಲೂಯಿ ಲಾಗಾರ್ಡ್ ಬರೆದಿಟ್ಟಿದ್ದಾನೆ. 1905ರ ಅಕ್ಟೋಬರಿನಲ್ಲಿ ಸಮಾರ್ ದ್ವೀಪದಲ್ಲಿ ಆಂಟೋನಿಯೋ ಕಾಸ್ಪಿ ಎಂಬ ಕೈದಿ ತಪ್ಪಿಸಿಕೊಳ್ಳಲು ಹೋದ. ಕೈ ಕೈ ಮಿಲಾಯಿಸುವಷ್ಟು ಹತ್ತಿರದಿಂದ ಅವನಿಗೆ ನಾಲ್ಕು ಗುಂಡು ಹೊಡೆದರು. ಮೂರು ಎದೆಗೆ ಹೊಕ್ಕು ಶ್ವಾಸಕೋಶವನ್ನು ತೂರಿದವು, ಒಂದು ಕೈಗೆ ತಗುಲಿತು. ಆತ ಬೀಳಲಿಲ್ಲ! ಕೊನೆಗೆ ಬಂದೂಕಿನ ಹಿಡಿಯಿಂದ ಹಣೆಗೆ ಹೊಡೆದು ಬೀಳಿಸಬೇಕಾಯಿತು. ಆಶ್ಚರ್ಯದ ಮಾತೆಂದರೆ, ಆತ ಆ ಗಾಯಗಳಿಂದ ಚೇತರಿಸಿಕೊಂಡ. ತನ್ನ ನೆಲದಲ್ಲಿ ಇನ್ನೊಬ್ಬರ ಸೆರೆಯಲ್ಲಿದ್ದ ಆ ಮನುಷ್ಯನ ಕಡೆಯ ಕಥೆ ಲಾಗಾರ್ಡನ ಪುಸ್ತಕಕ್ಕೆ ಬೇಕಾಗಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಗುಂಡಿನ ಲೆಕ್ಕ.

ಇದಕ್ಕೂ ಒಂದು ವರ್ಷ ಮೊದಲೇ, ಅಂದರೆ 1904ರಲ್ಲಿ, ಇದೇ ಲಾಗಾರ್ಡ್ ಮತ್ತು ಶಸ್ತ್ರಾಸ್ತ್ರ ವಿಭಾಗದ ಜಾನ್ ಥಾಂಪ್ಸನ್ ಇಬ್ಬರೂ ಸೇರಿ ಒಂದು ಪರೀಕ್ಷೆ ನಡೆಸಿದ್ದರು. ಮುಂದೆ ತನ್ನ ಹೆಸರಿನ ಟಾಮಿ ಗನ್ನಿನಿಂದ ಖ್ಯಾತನಾದ ಥಾಂಪ್ಸನ್ ಇವನೇ. ಅವರು ಆರಿಸಿಕೊಂಡ ಜಾಗ ಷಿಕಾಗೋ ನಗರದ ಕಸಾಯಿಖಾನೆಯ ದೊಡ್ಡಿ. ಹೇಗಿದ್ದರೂ ಕಡಿಯಲು ತಂದ ದನಗಳು. ಒಂದೊಂದನ್ನೇ ನಿಲ್ಲಿಸಿ, ಬೇರೆ ಬೇರೆ ಅಳತೆಯ ಗುಂಡನ್ನು ಶ್ವಾಸಕೋಶಕ್ಕೆ, ಕರುಳಿಗೆ ಹೊಡೆದು, ಗಡಿಯಾರ ಹಿಡಿದು, ಬೀಳಲು ಎಷ್ಟು ಹೊತ್ತು ಎಂದು ಬರೆದುಕೊಂಡರು. ಎರಡನೆಯ ದಿನ ಕ್ರಮ ಬದಲಾಯಿಸಿ, ಪ್ರಾಣಿ ಬೀಳುವವರೆಗೆ ಅಥವಾ ಹತ್ತು ಗುಂಡು ಮುಗಿಯುವವರೆಗೆ ಬೇಗ ಬೇಗ ಹೊಡೆದರು. ಕುದುರೆಗಳೂ ಇದ್ದವು. ಮನುಷ್ಯರ ಹೆಣಗಳನ್ನು ತೂಗುಹಾಕಿ ಗುಂಡು ಹೊಡೆದು, ಅವು ಎಷ್ಟು ತೂಗಾಡಿದವು ಎಂದೂ ನೋಡಿದರು.

ಕೊಟ್ಟಿಗೆಯಲ್ಲಿ ದನ ಕಟ್ಟಿದವರಿಗೆ ಇದನ್ನು ಕೇಳುವಾಗ ಹೊಟ್ಟೆ ತೊಳಸುತ್ತದೆ. ನನಗೂ ಬರೆಯುವಾಗ ಹಾಗೆಯೇ ಆಯಿತು. ಆದರೆ ಕರುಣೆಯ ಮಾತನ್ನು ಪಕ್ಕಕ್ಕಿಟ್ಟು ಬರಿಯ ಪರೀಕ್ಷೆ ಎಂದು ನೋಡಿದರೂ ಅದು ಗಟ್ಟಿಯಾದ ಪರೀಕ್ಷೆಯಾಗಿರಲಿಲ್ಲ. ದನಗಳು ಒಂದೇ ತೂಕದವಲ್ಲ. ಗುಂಡು ಬಿದ್ದ ಜಾಗ ಒಂದೇ ಅಲ್ಲ. ಒಂದೊಂದು ಅಳತೆಗೆ ಒಂದೋ ಎರಡೋ ಪ್ರಾಣಿ. ಮೂಟೆಯಲ್ಲಿ ಎರಡೇ ಕಾಳು ಬಾಯಿಗೆ ಹಾಕಿಕೊಂಡು ಇಡೀ ಫಸಲಿನ ಬೆಲೆ ಕಟ್ಟಿದ ಹಾಗೆ. ಆದರೂ ಅವರ ತೀರ್ಮಾನ ಖಚಿತವಾಗಿತ್ತು: ಸೈನಿಕನ ಪಿಸ್ತೂಲಿನ ಗುಂಡು ಪಾಯಿಂಟ್ 45ಕ್ಕಿಂತ ಸಣ್ಣದಿರಬಾರದು. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು. ದೇಹದ ಹೆಚ್ಚಿನ ಭಾಗಗಳಿಗೆ ತಗುಲಿದರೆ ಯಾವ ಪಿಸ್ತೂಲಿನ ಗುಂಡೂ ಮನುಷ್ಯನನ್ನು ಅಲ್ಲಿಂದಲ್ಲಿಗೆ ನಿಲ್ಲಿಸಲಾರದು, ಆದ್ದರಿಂದ ಸಿಪಾಯಿಗಳಿಗೆ ಗುರಿಯ ಅಭ್ಯಾಸವನ್ನು ಬಿಡದೆ ಮಾಡಿಸಬೇಕು ಎಂದು. ಮೊದಲ ತೀರ್ಮಾನ ಎಲ್ಲರ ಬಾಯಲ್ಲೂ ಉಳಿಯಿತು. ಎರಡನೆಯದನ್ನು ನೆನಪಿಟ್ಟವರು ಕಡಿಮೆ.

ಆ ತೀರ್ಮಾನಕ್ಕೆ ತಕ್ಕ ಕಾಡತೂಸನ್ನು 1905ರ ಹೊತ್ತಿಗೆ ಜಾನ್ ಬ್ರೌನಿಂಗ್ ಎಂಬ ಕುಶಲಿ ಸಿದ್ಧಮಾಡಿದ. ಅವನ ಪಿಸ್ತೂಲು 1911ರ ಮಾರ್ಚಿನ ಪರೀಕ್ಷೆಯಲ್ಲಿ 6000 ಗುಂಡುಗಳನ್ನು ಒಮ್ಮೆಯೂ ಸಿಕ್ಕಿಕೊಳ್ಳದೆ ಹಾರಿಸಿತು. ಅಮೆರಿಕದ ಸೇನೆ ಅದನ್ನು ಒಪ್ಪಿಕೊಂಡಿತು. ಮುಂದಿನ 74 ವರ್ಷ ಅದೇ ಅವರ ಪಿಸ್ತೂಲು.

ಅದೇ ಕಾಲಕ್ಕೆ ಸಮುದ್ರದಾಚೆ ಜರ್ಮನಿಯಲ್ಲಿ ಬೇರೆ ದಾರಿ ಹಿಡಿದಿದ್ದರು. ಗೇಯಾರ್ಗ್ ಲೂಗರ್ ಎಂಬಾತ 1902ರಲ್ಲಿ 9 ಮಿಲಿಮೀಟರ್ ಅಗಲದ ಗುಂಡಿನ ಕಾಡತೂಸನ್ನು ಮುಂದಿಟ್ಟ. 1904ರಲ್ಲಿ ಜರ್ಮನಿಯ ನೌಕಾಪಡೆ, 1908ರಲ್ಲಿ ಭೂಸೇನೆ ಅದನ್ನು ತೆಗೆದುಕೊಂಡವು. ಷಿಕಾಗೋದ ದೊಡ್ಡಿಯಲ್ಲಿ ಇದನ್ನೂ ಪರೀಕ್ಷಿಸಿ, ಸಣ್ಣದೆಂದು ಬದಿಗಿಟ್ಟಿದ್ದರು.

ಈಗ ಎರಡನ್ನೂ ತಕ್ಕಡಿಯಲ್ಲಿ ಇಟ್ಟು ನೋಡೋಣ. ಪಾಯಿಂಟ್ 45ರ ಗುಂಡು ಸುಮಾರು 15 ಗ್ರಾಂ, ಅಗಲ ಹನ್ನೊಂದೂವರೆ ಮಿಲಿಮೀಟರ್, ವೇಗ ಸೆಕೆಂಡಿಗೆ 255 ಮೀಟರಿನ ಆಸುಪಾಸು. ಇಂದಿನ 9 ಮಿಲಿಮೀಟರಿನ ಸಾಮಾನ್ಯ ಗುಂಡು ಸುಮಾರು 8 ಗ್ರಾಂ, ವೇಗ 350 ಮೀಟರ್. ಒಂದು ದಪ್ಪ, ನಿಧಾನ. ಇನ್ನೊಂದು ಸಣ್ಣ, ಚುರುಕು. ಶಾಲೆಯಲ್ಲಿ ಕಲಿತ ಸೂತ್ರದಿಂದ ಶಕ್ತಿ ಲೆಕ್ಕ ಹಾಕಿದರೆ ಎರಡೂ ಹೆಚ್ಚುಕಡಿಮೆ ಒಂದೇ: 490 ಜೂಲು. ಅದು ಎಷ್ಟು ಎಂದು ಕೇಳುತ್ತೀರಾ? 50 ಕಿಲೋದ ಒಂದು ಸಿಮೆಂಟ್ ಚೀಲವನ್ನು ನೆಲದಿಂದ ಒಂದು ಮೀಟರ್ ಎತ್ತಲು ಬೇಕಾದಷ್ಟು. ಆದರೆ ತೂಕವನ್ನೂ ವೇಗವನ್ನೂ ನೇರವಾಗಿ ಗುಣಿಸಿ ನೋಡಿದರೆ ಪಾಯಿಂಟ್ 45ರದ್ದೇ ಮೂರನೇ ಒಂದು ಪಾಲಿನಷ್ಟು ಹೆಚ್ಚು. ಹಾಗಾಗಿ ಒಂದು ಪಂಗಡದವರು ಒಂದು ಸೂತ್ರ ಹಿಡಿದರು, ಇನ್ನೊಂದು ಪಂಗಡದವರು ಇನ್ನೊಂದು ಸೂತ್ರ ಹಿಡಿದರು. ಇಬ್ಬರ ಲೆಕ್ಕವೂ ಸರಿಯೇ!

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಟೂರಿಂಗ್ ಟಾಕೀಸಿನಿಂದ ಇಂದಿನವರೆಗೆ, ಕನ್ನಡವಿರಲಿ ತಮಿಳಿರಲಿ ತೆಲುಗಿರಲಿ, ನಾಯಕ ಗುಂಡು ಹೊಡೆದರೆ ಖಳನಾಯಕ ಹತ್ತಡಿ ಹಿಂದಕ್ಕೆ ಹಾರಿ ಗಾಜು ಒಡೆದುಕೊಂಡು ಬೀಳುತ್ತಾನೆ. ಅದು ಆಗದ ಮಾತು. ಆ ದಪ್ಪ ಪಾಯಿಂಟ್ 45ರ ಗುಂಡು 60 ಕಿಲೋ ತೂಕದ ಮನುಷ್ಯನ ದೇಹದಲ್ಲೇ ನಿಂತರೂ ಅವನನ್ನು ತಳ್ಳುವುದು ಸೆಕೆಂಡಿಗೆ ಆರೇಳು ಸೆಂಟಿಮೀಟರಿನ ವೇಗದಲ್ಲಿ. ಸಂತೆಯಲ್ಲಿ ಯಾರಾದರೂ ಭುಜ ತಾಗಿಸಿ ಹೋದರೆ ಇದಕ್ಕಿಂತ ಹೆಚ್ಚು ವಾಲುತ್ತೇವೆ. ಗುಂಡಿಗೆ ಅಷ್ಟು ನೂಕುವ ಬಲವಿದ್ದರೆ ಹೊಡೆದವನೂ ಒದೆತಕ್ಕೆ ಹಿಂದಕ್ಕೆ ಹಾರಬೇಕಿತ್ತಲ್ಲ? ಗುಂಡು ನೂಕುವುದಿಲ್ಲ, ತೂತು ಮಾಡುತ್ತದೆ. ತೂತು ಎಲ್ಲಿ ಆಯಿತು, ಎಷ್ಟು ಆಳ ಹೋಯಿತು ಎಂಬುದರ ಮೇಲೆ ಮುಂದಿನದು.

ಇದಕ್ಕೆ ಎರಡು ಸಾಕ್ಷಿ ಇತಿಹಾಸದಲ್ಲೇ ಇವೆ. ಇದೇ ಬ್ರೌನಿಂಗ್ 1908ರಲ್ಲಿ ಜೇಬಿನ ಪಿಸ್ತೂಲಿಗೆಂದು ಒಂದು ಚಿಕ್ಕ ಕಾಡತೂಸು ಮಾಡಿದ್ದ. ಅಗಲ 9 ಮಿಲಿಮೀಟರೇ, ಆದರೆ ಕೊಳವೆ ಗಿಡ್ಡ, ಮದ್ದು ಕಡಿಮೆ. ಗುಂಡು 6 ಗ್ರಾಂನ ಮೇಲೆ ಸ್ವಲ್ಪ; ಶಕ್ತಿ ದೊಡ್ಡ ಒಂಬತ್ತರ ಅರ್ಧದಷ್ಟು. ಬಲ ಹೋಲಿಸುವ ಯಾವ ಪಟ್ಟಿಯಲ್ಲೂ ಇದಕ್ಕೆ ತಳದಲ್ಲೇ ಜಾಗ. ಪಟ್ಟಿ ಮಾಡುವವರು ಮೂಗು ಮುರಿಯುತ್ತಾರೆ. 1914ರ ಜೂನ್ 28ರಂದು ಸರಯೇವೋ ನಗರದಲ್ಲಿ ಗಾವ್ರಿಲೋ ಪ್ರಿನ್ಸಿಪ್ ಎಂಬ ತರುಣ ಆಸ್ಟ್ರಿಯಾದ ಯುವರಾಜನನ್ನೂ ಅವನ ಹೆಂಡತಿಯನ್ನೂ ಎರಡೇ ಗುಂಡಿನಿಂದ ಕೊಂದದ್ದು ಈ ಅಳತೆಯ ಕಾಡತೂಸಿನಿಂದ. ಅದರ ಬೆನ್ನಿಗೇ ಮೊದಲ ಮಹಾಯುದ್ಧ ಬಂತು. ಇನ್ನು 1948ರ ಜನವರಿ 30ರ ಸಂಜೆ ದೆಹಲಿಯ ಬಿರ್ಲಾ ಭವನದಲ್ಲಿ ಪ್ರಾರ್ಥನೆಗೆ ನಡೆದು ಹೋಗುತ್ತಿದ್ದ ಗಾಂಧೀಜಿಯವರಿಗೆ ಹೊಡೆದ ಮೂರು ಗುಂಡುಗಳೂ ಇದೇ ಅಳತೆಯವು, ಇಟಲಿಯ ಬೆರೆಟ್ಟಾ ಪಿಸ್ತೂಲಿನವು. ಕೆಲವೇ ಅಡಿಗಳ ದೂರ, ಬರಿಯ ಎದೆ, ಕೈಮುಗಿದು ನಿಂತ ವೃದ್ಧ. ಅಲ್ಲಿ ಪಟ್ಟಿಗೆ ಏನು ಕೆಲಸ?

ಗುಂಡಿನ ಬಲದ ಚರ್ಚೆಗೆ ನಮ್ಮ ದೇಶದ ಇನ್ನೊಂದು ಊರಿನ ಹೆಸರೂ ಅಂಟಿಕೊಂಡಿದೆ. ಕಲ್ಕತ್ತೆಯ ಹತ್ತಿರದ ದಮ್‌ದಮ್. ಇಂದು ಅಲ್ಲಿ ವಿಮಾನ ನಿಲ್ದಾಣವಿದೆ. ಆಗ ಬ್ರಿಟಿಷರ ಮದ್ದುಗುಂಡಿನ ಕಾರ್ಖಾನೆ ಇತ್ತು. ತಮ್ಮ ಹೊಸ ರೈಫಲಿನ ಗುಂಡು ವಾಯವ್ಯ ಗಡಿಯ ಪಠಾಣರ ಮೈಯನ್ನು ಸೂಜಿಯಂತೆ ತೂರಿ ಹೋಗುತ್ತದೆ, ಅವರು ನಿಲ್ಲುವುದಿಲ್ಲ ಎಂದು ಬ್ರಿಟಿಷ್ ಸೈನಿಕರು ದೂರಿದರು. ಫಿಲಿಪ್ಪೀನ್ಸಿನ ದೂರೇ, ಸ್ವಲ್ಪ ಮೊದಲು. ಕಾರ್ಖಾನೆಯ ಬರ್ಟೀ-ಕ್ಲೇ ಎಂಬ ಅಧಿಕಾರಿ ಗುಂಡಿನ ತುದಿಯ ಲೋಹದ ಹೊದಿಕೆ ತೆಗೆದು ಮೆತ್ತನೆಯ ಸೀಸ ಕಾಣುವಂತೆ ಮಾಡಿದ. ಮೈಗೆ ಹೊಕ್ಕೊಡನೆ ಅದು ಅರಳುತ್ತದೆ, ಗಾಯ ದೊಡ್ಡದಾಗುತ್ತದೆ. 1899ರಲ್ಲಿ ಹೇಗ್ ನಗರದಲ್ಲಿ ಹಲವು ದೇಶಗಳು ಕೂಡಿ ಯುದ್ಧದಲ್ಲಿ ಇಂಥ ಅರಳುವ ಗುಂಡು ಬಳಸಬಾರದೆಂದು ಘೋಷಿಸಿದವು. ನಿಷೇಧ ಯುದ್ಧಕ್ಕೆ ಮಾತ್ರ. ಅಮೆರಿಕದ ಪೊಲೀಸರು ಮುಂದೆ ಪಿಸ್ತೂಲಿಗೆ ತುದಿಯಲ್ಲಿ ಕುಳಿಯಿರುವ, ಅರಳುವ ಗುಂಡನ್ನೇ ತುಂಬಿದರು. ಅರಳಿದ ಗುಂಡು ಒಬ್ಬನ ಮೈಯಲ್ಲೇ ನಿಲ್ಲುತ್ತದೆ, ತೂರಿ ಹೋಗಿ ಹಿಂದೆ ನಿಂತ ದಾರಿಹೋಕನಿಗೆ ತಗುಲುವುದು ಕಡಿಮೆ ಎಂಬುದು ಅವರ ಸಮಜಾಯಿಷಿ. ಅದರಲ್ಲಿ ಹುರುಳಿಲ್ಲದಿಲ್ಲ.

ಆ ಅರಳುವ ಗುಂಡೇ 1986ರಲ್ಲಿ ಕಟಕಟೆಗೆ ಬಂತು. ಏಪ್ರಿಲ್ 11ರ ಬೆಳಗ್ಗೆ ಅಮೆರಿಕದ ಮಯಾಮಿಯಲ್ಲಿ ಕೇಂದ್ರ ತನಿಖಾ ದಳದ, ಎಂದರೆ ಎಫ್‌ಬಿಐಯ, ಎಂಟು ಮಂದಿ ಇಬ್ಬರು ದರೋಡೆಕೋರರ ಕಾರನ್ನು ಅಡ್ಡಗಟ್ಟಿದರು. ದರೋಡೆಕೋರರಲ್ಲಿ ಪ್ಲಾಟ್ ಎಂಬಾತನ ಕೈಯಲ್ಲಿ ರೈಫಲು. ದಳದವರ ಕೈಯಲ್ಲಿ ಹೆಚ್ಚಾಗಿ ರಿವಾಲ್ವರು. ಮೂವರ ಬಳಿ ಮಾತ್ರ 9 ಮಿಲಿಮೀಟರಿನ ಪಿಸ್ತೂಲು. ಕಾರುಗಳ ಡಿಕ್ಕಿಯಲ್ಲಿ ಒಬ್ಬರ ಕನ್ನಡಕ ಹಾರಿಹೋಯಿತು, ಇನ್ನೊಬ್ಬರ ರಿವಾಲ್ವರೇ ಕೈತಪ್ಪಿತು. ಆರಂಭದಲ್ಲೇ ಜೆರ್ರಿ ಡವ್ ಎಂಬ ಅಧಿಕಾರಿ ಹೊಡೆದ 9 ಮಿಲಿಮೀಟರಿನ ಗುಂಡು ಪ್ಲಾಟ್‌ನ ಬಲತೋಳನ್ನು ತೂರಿ ಎದೆಗೆ ಹೊಕ್ಕಿತು. ಹೊಕ್ಕು, ಅರಳಿ, ಹೃದಯಕ್ಕೆ ಒಂದು ಅಂಗುಲದಷ್ಟು ಈಚೆಗೆ ನಿಂತುಬಿಟ್ಟಿತು. ಆ ಗಾಯದಿಂದ ಪ್ಲಾಟ್ ಬದುಕುವ ಹಾಗಿರಲಿಲ್ಲ. ಆದರೆ ಕೂಡಲೇ ಸಾಯಲೂ ಇಲ್ಲ. ಆ ನಡುವಿನ ನಿಮಿಷಗಳಲ್ಲಿ ಅವನು ಡವ್ ಅವರನ್ನೂ ಬೆಂಜಮಿನ್ ಗ್ರೋಗನ್ ಅವರನ್ನೂ ಕೊಂದ; ಐವರು ಗಾಯಗೊಂಡರು. ಐದು ನಿಮಿಷದೊಳಗೆ ಎಲ್ಲ ಮುಗಿಯಿತು. ಇಬ್ಬರು ದರೋಡೆಕೋರರೂ ಸತ್ತಾಗ ಪ್ಲಾಟ್‌ನ ಮೈಯಲ್ಲಿ 12 ಗಾಯಗಳಿದ್ದವು.

ತಪ್ಪು ಯಾರದು? ರೈಫಲಿನ ಎದುರು ಪಿಸ್ತೂಲು ಹಿಡಿದು ಹೋದದ್ದೇ? ಕನ್ನಡಕವೇ, ಕಾರಿನ ಡಿಕ್ಕಿಯೇ? ಇವೆಲ್ಲವೂ ಚರ್ಚೆಗೆ ಬಂದವು. ಆದರೆ ದೊಡ್ಡ ದೋಷ ಹೊತ್ತದ್ದು ಆ ಒಂದು ಅಂಗುಲ ಕಡಿಮೆ ಹೋದ 8 ಗ್ರಾಂಗಿಂತ ಹಗುರದ ಗುಂಡು.

ಈ ಸಲ ಪರೀಕ್ಷೆಗೆ ದನಗಳನ್ನು ತರಲಿಲ್ಲ. ಸೇನೆಯ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ ಅದಾಗಲೇ ಜೆಲಟಿನ್ ಎಂಬ ವಸ್ತುವಿನಲ್ಲಿ ಗುಂಡಿನ ದಾರಿ ಅಳೆಯುವ ಕ್ರಮ ಹಾಕಿಕೊಟ್ಟಿದ್ದರು. ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಪುಡಿಯನ್ನು ಒಂದು ಪಾಲು, ನೀರನ್ನು ಒಂಬತ್ತು ಪಾಲು ಬೆರೆಸಿ 4 ಡಿಗ್ರಿಗೆ ತಣಿಸಿದರೆ ತಾಟಿನಿಂಗಿನ ತಿರುಳಿನ ಹಾಗೆ ಒಂದು ಗಡ್ಡೆಯಾಗುತ್ತದೆ. ಮೈಮಾಂಸದಲ್ಲಿ ಗುಂಡು ಎಷ್ಟು ಆಳ ಹೋಗುತ್ತದೋ ಸುಮಾರಾಗಿ ಅಷ್ಟೇ ಆಳ ಇದರಲ್ಲೂ ಹೋಗುತ್ತದೆ. 1987ರಲ್ಲಿ ತಜ್ಞರನ್ನು ಕೂಡಿಸಿದ ಎಫ್‌ಬಿಐ, ಮುಂದೆ ತನ್ನದೇ ಅಳತೆಗೋಲು ಮಾಡಿಕೊಂಡಿತು: ಬಟ್ಟೆ, ಪ್ಲೈವುಡ್, ತಗಡು, ಕಾರಿನ ಗಾಜು ಇವನ್ನು ಅಡ್ಡವಿಟ್ಟು ಹೊಡೆದರೂ ಗುಂಡು ಗಡ್ಡೆಯಲ್ಲಿ ಕನಿಷ್ಠ 12 ಅಂಗುಲ ಹೋಗಬೇಕು, 18 ದಾಟಬಾರದು. ಷಿಕಾಗೋದ ಕ್ರಮಕ್ಕಿಂತ ಇದು ಎಷ್ಟೋ ಮೇಲು. ಇಂದು ಹೊಡೆದರೂ ನಾಳೆ ಹೊಡೆದರೂ ಉತ್ತರ ಒಂದೇ. ಆದರೆ ಗಡ್ಡೆಗೆ ಸಿಟ್ಟಿಲ್ಲ, ಭಯವಿಲ್ಲ. ಅದು ಓಡುವುದಿಲ್ಲ, ತಿರುಗಿ ಹೊಡೆಯುವುದಿಲ್ಲ. 1989ರಲ್ಲಿ ಅದೇ ಇಲಾಖೆಯ ತರಬೇತಿ ವಿಭಾಗ ಹೊರತಂದ ಬರಹವೇ ಒಪ್ಪಿಕೊಂಡಿತು: ಮೆದುಳಿಗೋ ಕುತ್ತಿಗೆಯ ಬೆನ್ನುಹುರಿಗೋ ತಗುಲದ ಹೊರತು ಯಾವ ಪಿಸ್ತೂಲಿನ ಗುಂಡೂ ಮನುಷ್ಯನನ್ನು ತಟ್ಟನೆ ನಿಲ್ಲಿಸುವ ಭರವಸೆ ಕೊಡದು. ಹೃದಯವೇ ಛಿದ್ರವಾದರೂ ಮೆದುಳಿನಲ್ಲಿ ಉಳಿದ ಪ್ರಾಣವಾಯು ಹತ್ತು ಹದಿನೈದು ಸೆಕೆಂಡು ಕೆಲಸಕ್ಕೆ ಸಾಕು. ಕಾಸ್ಪಿ ಯಾಕೆ ಬೀಳಲಿಲ್ಲ ಎಂಬುದಕ್ಕೆ ಉತ್ತರ ಸಿಗಲು 84 ವರ್ಷ ಹಿಡಿಯಿತು.

ಉತ್ತರ ಸಿಕ್ಕರೂ ಹುಡುಕಾಟ ನಿಲ್ಲಲಿಲ್ಲ. 1983ರಲ್ಲಿ ಬಂದಿದ್ದ 10 ಮಿಲಿಮೀಟರಿನ ಬಿರುಸಿನ ಕಾಡತೂಸನ್ನು ಎಫ್‌ಬಿಐ ಆರಿಸಿತು. ಅದರ ಒದೆತ ವಿಪರೀತ, ಪಿಸ್ತೂಲು ಭಾರ. ಮದ್ದು ಕಡಿಮೆ ಮಾಡಿ ತುಂಬಿದರು. ಮದ್ದು ಕಡಿಮೆಯಾದ ಮೇಲೆ ಅಷ್ಟು ಉದ್ದ ಕೊಳವೆ ಯಾಕೆ ಎಂದು ಕೇಳಿ, ಸ್ಮಿತ್ ಅಂಡ್ ವೆಸನ್, ವಿಂಚೆಸ್ಟರ್ ಕಂಪನಿಗಳು ಸೇರಿ ಅದನ್ನೇ ಗಿಡ್ಡ ಮಾಡಿ 1990ರಲ್ಲಿ ಪಾಯಿಂಟ್ 40 ಎಂದು ತಂದವು. ಒಂಬತ್ತಕ್ಕೂ ನಲವತ್ತೈದಕ್ಕೂ ನಡುವಿನ ರಾಜಿ. ಅಮೆರಿಕದ ಪೊಲೀಸ್ ಇಲಾಖೆಗಳು ಒಂದರ ಹಿಂದೊಂದು ಅದಕ್ಕೆ ಬದಲಾದವು, 1997ರಲ್ಲಿ ಎಫ್‌ಬಿಐಯೂ.

ಸೈನ್ಯ ಮಾತ್ರ ಎದುರು ದಿಕ್ಕಿಗೆ ಹೋಗಿತ್ತು. ಮಯಾಮಿಗಿಂತ ಒಂದು ವರ್ಷ ಮೊದಲೇ, 1985ರಲ್ಲಿ, ಅಮೆರಿಕದ ಸೇನೆ ತನ್ನ ಹಳೆಯ ಪಾಯಿಂಟ್ 45ನ್ನು ಬಿಟ್ಟು 9 ಮಿಲಿಮೀಟರಿನ ಬೆರೆಟ್ಟಾವನ್ನು ಒಪ್ಪಿಕೊಂಡಿತ್ತು. ಮಿತ್ರದೇಶಗಳಲ್ಲೆಲ್ಲ ಅದೇ ಅಳತೆ. ಜೊತೆಗೆ ಹಳೆಯ ಮ್ಯಾಗಜಿನ್‌ನಲ್ಲಿ 7 ಹಿಡಿದರೆ ಇದರಲ್ಲಿ 15. ಪಾಯಿಂಟ್ 45ರ ಜನಕ ಬ್ರೌನಿಂಗ್ ಕೂಡ ಕೊನೆಗಾಲದಲ್ಲಿ ಒಂಬತ್ತರ ಕಡೆಗೇ ಹೊರಳಿದ್ದ. 1926ರಲ್ಲಿ ಬೆಲ್ಜಿಯಂನಲ್ಲಿ ಅವನು ತೀರಿಕೊಂಡಾಗ ಕೈಯಲ್ಲಿದ್ದ ಕೆಲಸ 9 ಮಿಲಿಮೀಟರಿನ ಪಿಸ್ತೂಲಿನದೇ. ಅದನ್ನು ಇನ್ನೊಬ್ಬ ಕುಶಲಿ ಪೂರೈಸಿ, 1935ರಲ್ಲಿ 13 ಗುಂಡು ಹಿಡಿಯುವ ಪಿಸ್ತೂಲಾಗಿ ಹೊರಬಂತು. ಎರಡನೆಯ ಮಹಾಯುದ್ಧದಲ್ಲಿ ಅದು ಕೆನಡಾದಲ್ಲೂ, ಅನಂತರ ನಮ್ಮ ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆಯಲ್ಲೂ ತಯಾರಾಯಿತು. ನಿಮ್ಮ ಊರಿನ ನಿವೃತ್ತ ಸುಬೇದಾರರನ್ನು ಕೇಳಿ ನೋಡಿ, ಅವರಿಗೆ ಅದರ ಪರಿಚಯವಿದ್ದೀತು. ನಮ್ಮ ಕಾನೂನಿನಲ್ಲಿ 9 ಮಿಲಿಮೀಟರು ಸೇನೆ, ಪೊಲೀಸರಿಗೆ ಸೇರಿದ ನಿಷಿದ್ಧ ಅಳತೆ. ಸಾಮಾನ್ಯ ಲೈಸೆನ್ಸುದಾರನಿಗೆ ಪಿಸ್ತೂಲೆಂದರೆ ಹೆಚ್ಚಾಗಿ ಪಾಯಿಂಟ್ 32 ಮಾತ್ರ.

ಇನ್ನು ಎಫ್‌ಬಿಐಯ ಕಡೆಯ ಮಾತು. 2014ರಲ್ಲಿ ಅದರ ತರಬೇತಿ ವಿಭಾಗ ಮತ್ತೆ ಲೆಕ್ಕ ಒಪ್ಪಿಸಿತು. ಮೂವತ್ತು ವರ್ಷದಲ್ಲಿ ಗುಂಡು ತಯಾರಿಸುವ ಕಸುಬು ಸುಧಾರಿಸಿದೆ; ಒಳ್ಳೆಯ 9 ಮಿಲಿಮೀಟರಿನ ಗುಂಡೂ ಈಗ 12 ಅಂಗುಲ ದಾಟುತ್ತದೆ; ಗಾಯ ನೋಡಿ ಇದು ಒಂಬತ್ತರದು, ಇದು ನಲವತ್ತೈದರದು ಎಂದು ಹೇಳಲಾಗದು ಎಂದಿತು. ಒದೆತ ಕಡಿಮೆಯಾದ್ದರಿಂದ ಸಣ್ಣ ಕೈಯವರೂ ದೊಡ್ಡ ಕೈಯವರೂ ಬೇಗ ಗುರಿಗೆ ಮರಳುತ್ತಾರೆ ಎಂದಿತು. ನನಗೆ ಅದರಲ್ಲಿ ಎಲ್ಲಕ್ಕಿಂತ ಮುಖ್ಯವೆಂದು ಕಂಡದ್ದು ಇನ್ನೊಂದು ಅಂಕಿ: ನಿಜವಾದ ಕಾಳಗದಲ್ಲಿ ಪೊಲೀಸರು ಹೊಡೆಯುವ ಗುಂಡುಗಳಲ್ಲಿ ನೂರಕ್ಕೆ 70ರಿಂದ 80 ಗುರಿಗೆ ತಗುಲುವುದೇ ಇಲ್ಲ. ತಗುಲದ ಗುಂಡಿಗೆ ಅಳತೆ ಯಾವುದಾದರೇನು? ಹಾಗೆ ಹಾರಿದ ಗುಂಡು ಎಲ್ಲಿ ಹೋಗಿ ಬೀಳುತ್ತದೆ ಎಂಬುದು ಬೀದಿಯಲ್ಲಿ ನಿಂತವರ ಪ್ರಶ್ನೆ. ಬಲದ ಪಟ್ಟಿಗಳಲ್ಲಿ ಅದಕ್ಕೆ ಕಲಮು ಇಲ್ಲ.

2016ರಲ್ಲಿ ಹೊಸ ಪಿಸ್ತೂಲುಗಳ ಗುತ್ತಿಗೆ ಆಯಿತು. ಅದರ ಕಾಡತೂಸು ಗುಂಡಿನ ಅಗಲ 9 ಮಿಲಿಮೀಟರ್, ಕೊಳವೆಯ ಉದ್ದ 19 ಮಿಲಿಮೀಟರ್. 1902ರಲ್ಲಿ ಲೂಗರ್ ಮುಂದಿಟ್ಟಿದ್ದು, ಷಿಕಾಗೋದ ದೊಡ್ಡಿಯಲ್ಲಿ ಸಣ್ಣದೆಂದು ಬದಿಗೆ ಸರಿಸಿದ್ದು, ಇದೇ ಅಳತೆ.